ದಿವಾ ಗೇಟಿನ ಬಳಿ ಬರೆದುಕೊಂಡದ್ದು

ಕೊಂಕಣದ ಹಳಿ ಪೂರ್ತಿ ವಿದ್ಯುತ್ತಿಗೆ ಬಂದದ್ದು 2022ರಲ್ಲಿ. ಅದಕ್ಕೂ ಮೊದಲು ಮುಂಬಯಿ ಬಳಿಯ ದಿವಾದಿಂದ ಸಾವಂತವಾಡಿಗೆ ಹೊರಡುವ ಗಾಡಿಯ ಡೀಸೆಲ್ ಎಂಜಿನ್ನು ನಿಂತಲ್ಲೇ ಗುಡುಗುತ್ತಿತ್ತು. ಆ ಗುಡುಗು ಒಂದೇ ಸಮ ಇರುತ್ತಿರಲಿಲ್ಲ, ಏರುತ್ತಿತ್ತು, ಇಳಿಯುತ್ತಿತ್ತು. ಅದೇ ಎಂಜಿನ್, ಅದೇ ಎಣ್ಣೆ. ಮತ್ತೇಕೆ ಹೀಗೆ?

*

ಅಣ್ಣನ ಮಗಳು ಬೆಂಗಳೂರಿನಲ್ಲಿ ಇಂಥ ಎಂಜಿನ್ನುಗಳ ಒಳಗಿನ ಬೆಂಕಿಯನ್ನು ಕಂಪ್ಯೂಟರಿನೊಳಗೆ ಉರಿಸುತ್ತಾಳೆ. ರಜೆಗೆ ಬಂದಾಗ ಕೇಳಿದೆ. “ಆ ಸದ್ದಿಗೆ ಬೇರೆ ಕಾರಣಗಳೂ ಇವೆ ಚಿಕ್ಕಪ್ಪ. ಆದ್ರೆ ಒಂದೇ ಸಿಲಿಂಡರಿನಲ್ಲೂ ಒಂದು ಸಲ ಉರಿದ ಹಾಗೆ ಇನ್ನೊಂದು ಸಲ ಉರಿಯಲ್ಲ. ಗಾಳಿ ಬೇರೆ ಥರ ಸುಳಿಯುತ್ತೆ, ಹಿಂದಿನ ಸಲದ ಹೊಗೆ ಒಂದಿಷ್ಟು ಉಳಿದಿರುತ್ತೆ.”

*

ಅಂಥ ಒಂದು ಉರಿಯನ್ನು ಕಂಪ್ಯೂಟರಿನಲ್ಲಿ ಉರಿಸಲು ಎಷ್ಟು ಹೆಜ್ಜೆ ಬೇಕೆಂದು ಲೆಕ್ಕ ಹಾಕಿ ನೋಡಿದೆ. ನಿಮಿಷಕ್ಕೆ 400 ಸುತ್ತು ಎಂದಿಟ್ಟುಕೊಂಡರೆ, ನಾಲ್ಕು ಸ್ಟ್ರೋಕಿನ ಒಂದು ಆವರ್ತಕ್ಕೆ ಎರಡು ಸುತ್ತು, ಅಂದರೆ 0.3 ಸೆಕೆಂಡು. ಮೈಕ್ರೋಸೆಕೆಂಡಿಗೆ ಒಂದು ಹೆಜ್ಜೆ ಇಟ್ಟರೆ 3,00,000 ಹೆಜ್ಜೆ! ಪ್ರತಿ ಹೆಜ್ಜೆಗೂ ಸಿಲಿಂಡರಿನ ಲಕ್ಷಾಂತರ ಚೂರುಗಳಲ್ಲಿ ಒತ್ತಡ, ತಾಪ, ವೇಗ. ಮೇಲೆ ರಸಾಯನ. ಬರೀ ಮೀಥೇನ್ ಉರಿಯುವುದಕ್ಕೇ ಜಿಆರ್‌ಐ-ಮೆಕ್ 3.0 ಎಂಬ ಪಟ್ಟಿಯಲ್ಲಿ 53 ವಸ್ತು, 325 ಕ್ರಿಯೆಗಳಿವೆ. ಡೀಸೆಲ್ಲಿನ ಅಣು ಅದಕ್ಕಿಂತ ಎಷ್ಟೋ ಉದ್ದ.

*

ಚೂರುಗಳನ್ನು ಸಾವಿರ ಪ್ರೊಸೆಸರುಗಳಿಗೆ ಹಂಚುತ್ತಾರಂತೆ. ಪ್ರತಿಯೊಂದೂ ತನ್ನ ಹೊಲ ಉತ್ತು, ಬದುವಿನ ಅಂಕಿಯನ್ನು ಪಕ್ಕದ ಹೊಲಕ್ಕೆ ದಾಟಿಸಬೇಕು. ಉರಿಯ ಮೂಲೆ ಪಾಲಿಗೆ ಬಂದದ್ದಕ್ಕೆ ರಸಾಯನದ ಹೊರೆಯೆಲ್ಲ. ತಣ್ಣನೆಯ ಗಾಳಿ ಸಿಕ್ಕದ್ದು ಬೇಗ ಮುಗಿಸಿ ಕಾಯುತ್ತದೆ.

ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ದಿವಾದಲ್ಲಿ ರಸ್ತೆ ಹಳಿ ದಾಟುವ ಗೇಟು ಮುಚ್ಚುವುದು ತಡವಾದರೆ ಹಿಂದೆ ಲೋಕಲ್‌ಗಳು ಸಾಲುಗಟ್ಟಿದ್ದನ್ನು ವರ್ಷಗಟ್ಟಲೆ ಕಂಡಿದ್ದೇನೆ. ಆದರೆ ಉರಿ ಇನ್ನೂ ಕಠಿಣ, ಅದು ನಿಂತಲ್ಲಿ ನಿಲ್ಲುವುದಿಲ್ಲ. ಗೇಟೇ ಈಗ ಮುಂಬ್ರಾಕ್ಕೆ, ಮರುಕ್ಷಣ ಡೊಂಬಿವಲಿಗೆ ಓಡಿದ ಹಾಗೆ. ಅದಕ್ಕೇ ನಡುನಡುವೆ ಹೊಲಗಳನ್ನು ಮತ್ತೆ ಅಳೆದು ಹಂಚುತ್ತಾರೆ. ಅಳೆಯುವುದಕ್ಕೂ ಹೊತ್ತು ಬೇಕಲ್ಲ!

*

ಹರಿಯುವುದರ ಲೆಕ್ಕವನ್ನು ಹಲವು ಪ್ರೊಸೆಸರುಗಳಿಗೆ ಹಂಚುವ ಕೆಲಸ ನಮ್ಮಲ್ಲಿ ಶುರುವಾದದ್ದೂ ಬೆಂಗಳೂರಿನಲ್ಲೇ. ಅಲ್ಲಿನ ವಿಮಾನ ಸಂಶೋಧನಾಲಯ ಎನ್‌ಎಎಲ್‌ನಲ್ಲಿ 1986ರಲ್ಲಿ ಕಟ್ಟಿದ ಯಂತ್ರದ ಹೆಸರು ಫ್ಲೋಸಾಲ್ವರ್. 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಪರಮ್ ಪ್ರವೇಗ ಎಂಬ ಸೂಪರ್ ಕಂಪ್ಯೂಟರಿನ ವೇಗ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕ. ಈ ಅಂಕಿಯನ್ನು ಎರಡು ಸಲ ಬರೆದು ನೋಡಿದೆ.

*

ನಿದ್ದೆಗೆಡಿಸಿದ್ದು ಬೇರೆ. ಜಾಗವನ್ನು ಹಂಚಬಹುದು, ಕಾಲವನ್ನು? ಎರಡನೆಯ ಆವರ್ತಕ್ಕೆ ಮೊದಲನೆಯದರ ಹೊಗೆ ಬೇಕು. ನೂರು ಆವರ್ತ ಬೇಕೆಂದರೆ ಒಂದರ ಹಿಂದೆ ಒಂದು ನಡೆಯಲೇಬೇಕು, ಪ್ರೊಸೆಸರು ಎಷ್ಟೇ ಇರಲಿ.

“ಬೇರೆ ಬೇರೆ ಸುಳಿಗಳಿಂದ ಶುರುಮಾಡಿ ಹಲವು ಲೆಕ್ಕಗಳನ್ನು ಒಟ್ಟಿಗೇ ಓಡಿಸ್ತಾರೆ ಚಿಕ್ಕಪ್ಪ. ಮೊದಲ ಒಂದೆರಡು ಆವರ್ತ ಬಿಟ್ಟು ಆಮೇಲೆ ಎಣಿಸ್ತಾರೆ.”

ಏರಿಳಿತ ಎಷ್ಟೆಂದು ಅದರಿಂದ ಗೊತ್ತಾದೀತು, ಒಪ್ಪಿದೆ. ಆದರೆ ಚೆನ್ನಾಗಿ ಉರಿದ ಒಂದು ಆವರ್ತದ ಹಿಂದೆಯೇ ನೂರು ಸಲ ಏನೇನು ಬಂತೆಂದು ಕೇಳಬೇಕಾದರೆ?

ಅವಳು ಉತ್ತರಿಸುವಷ್ಟರಲ್ಲಿ ಪನ್ವೇಲ್ ಕಡೆಯ ಗಾಡಿ ಬಂತು.