ಇದ್ದಲ ಬೆಂಕಿಯ ಪಕ್ಕ

ಈಸ್ಟರ್ ಹಿಂದಿನ ರಾತ್ರಿ ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯದಲ್ಲಿ ದೀಪಗಳನ್ನೆಲ್ಲ ಆರಿಸುತ್ತಾರೆ. ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಮೇಣದಬತ್ತಿ ಹಚ್ಚುತ್ತಾರೆ. ಆ ಬೆಂಕಿ ಕಂಡಾಗಲೆಲ್ಲ ನನಗೆ ಭದ್ರಾವತಿಯ ನಮ್ಮ ಹಿತ್ತಲು ನೆನಪಾಗುತ್ತದೆ.

ಅಪ್ಪ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. 1923ರಲ್ಲಿ ಅಲ್ಲಿ ಕುಲುಮೆ ಶುರುವಾದಾಗ ಅದಿರು ಕರಗಿಸುತ್ತಿದ್ದುದು ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಲಿನಿಂದ. ಅಪ್ಪ ಹುಟ್ಟುವುದಕ್ಕೂ ಮೊದಲಿನ ಮಾತು. ಆದರೂ ಕಣ್ಣಾರೆ ಕಂಡವರಂತೆ ಹೇಳುತ್ತಿದ್ದರು.

ಎಂಟನೇ ತರಗತಿಗೆ ನಾನು ಶಿವಮೊಗ್ಗದ ಹಾಸ್ಟೆಲ್ ಸೇರಿದೆ. ಒಂದು ಶನಿವಾರ ಅಪ್ಪ ಪಾಳಿ ಮುಗಿಸಿ, ಮಸಿ ಹಿಡಿದ ಖಾಕಿ ಬಟ್ಟೆಯಲ್ಲೇ ಬಸ್ಸು ಹತ್ತಿ ಬಂದುಬಿಟ್ಟರು. ಕೈಯಲ್ಲಿ ಕೋಡುಬಳೆಯ ಚೀಲ.

"ಯಾರೇ ಅವರು?" ಗೆಳತಿಯರು ಕೇಳಿದರು.

"ನಮ್ಮೂರಿನವರು" ಎಂದೆ.

ಅಪ್ಪನಿಗೆ ಕೇಳಿಸಿತು. ಒಂದು ಕ್ಷಣ ನಿಂತರು. ಆಮೇಲೆ ಚೀಲ ಕೊಟ್ಟು, "ನಿಮ್ಮಮ್ಮ ಕೊಟ್ಟು ಕಳಿಸಿದ್ದಾರಮ್ಮ" ಎಂದು ಹೇಳಿ ಹೊರಟುಹೋದರು. ನಿಜಕ್ಕೂ ಊರಿನವರ ಹಾಗೆಯೇ. ಆ ಕೋಡುಬಳೆ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಗೆಳತಿಯರು ತಿಂದರು.

ಎರಡು ವಾರಕ್ಕೆ ಈಸ್ಟರ್ ಬಂತು. ಹೆದರುತ್ತಲೇ ಊರಿಗೆ ಹೋದೆ. ಬೆಳಗ್ಗೆ ಎದ್ದರೆ ಅಪ್ಪ ಹಿತ್ತಲಲ್ಲಿ ಇದ್ದಲ ಒಲೆ ಊದುತ್ತಾ, ಅಕ್ಕಿರೊಟ್ಟಿ ಸುಡುತ್ತಿದ್ದರು. "ಬಾ ಪುಟ್ಟಿ, ಬಿಸಿಯಿದೆ, ತಿನ್ನು" ಎಂದರು. ಅಷ್ಟೇ.

ಯೊವಾನ್ನರ ಶುಭಸಂದೇಶದ ಕೊನೆಯ ಅಧ್ಯಾಯವನ್ನು ನಾನು ಸರಿಯಾಗಿ ಓದಿದ್ದು ಎಷ್ಟೋ ವರ್ಷದ ಮೇಲೆ. ಸಾವನ್ನು ಗೆದ್ದು ಬಂದವರು ಏನು ಬೇಕಾದರೂ ಮಾಡಬಹುದಿತ್ತು. ಶಿಲುಬೆಗೆ ಒಪ್ಪಿಸಿದ ಪಿಲಾತನ ಎದುರು ಹೋಗಿ ನಿಲ್ಲಬಹುದಿತ್ತು. ಯೇಸು ಹಾಗೆ ಮಾಡುವುದಿಲ್ಲ. ರಾತ್ರಿಯೆಲ್ಲ ಬಲೆ ಬೀಸಿ ಒಂದು ಮೀನೂ ಸಿಗದೆ ಬರುತ್ತಿದ್ದ ಶಿಷ್ಯರಿಗಾಗಿ ತಿಬೇರಿಯ ಸರೋವರದ ದಡದಲ್ಲಿ ಬೆಂಕಿ ಹಾಕಿ ಮೀನು, ರೊಟ್ಟಿ ಸಿದ್ಧ ಮಾಡುತ್ತಾರೆ. ಬಲೆಯನ್ನು ದೋಣಿಯ ಬಲಕ್ಕೆ ಬೀಸಿ ಎನ್ನುತ್ತಾರೆ. ಬಿದ್ದದ್ದು 153 ದೊಡ್ಡ ಮೀನು. ಅಷ್ಟು ಗಡಿಬಿಡಿಯಲ್ಲಿ ಎಣಿಸಿದವರು ಯಾರೋ ಎಂದು ನನಗೆ ನಗು ಬರುತ್ತದೆ.

ಅದು ಇದ್ದಲ ಬೆಂಕಿ. ಗ್ರೀಕ್ ಮೂಲದಲ್ಲಿ ಅದಕ್ಕಿರುವ ಪದ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ. ಒಂದು ಇಲ್ಲಿ. ಇನ್ನೊಂದು ಯೇಸುವನ್ನು ಹಿಡಿದ ರಾತ್ರಿ, ಮಹಾಯಾಜಕನ ಅಂಗಳದಲ್ಲಿ. ಅಲ್ಲಿ ಚಳಿ ಕಾಯಿಸುತ್ತಾ ನಿಂತ ಪೇತ್ರ, ಆತನನ್ನು ನಾನರಿಯೆ ಎಂದು ಮೂರು ಸಲ ಹೇಳಿದ್ದ. ಈಗ ಅಂಥದೇ ಬೆಂಕಿಯ ಬಳಿ ಊಟ ಮುಗಿದ ಮೇಲೆ ಯೇಸು ಮೂರು ಸಲ ಕೇಳುವುದು ಒಂದೇ: ನನ್ನ ಮೇಲೆ ಪ್ರೀತಿ ಇದೆಯೇ? ಯಾಕೆ ಹಾಗೆಂದೆ ಎಂದು ಕೇಳುವುದಿಲ್ಲ. ಪ್ರತಿ ಉತ್ತರಕ್ಕೂ, ನನ್ನ ಕುರಿಗಳನ್ನು ನೋಡಿಕೋ ಎಂದು ಕೆಲಸ ಒಪ್ಪಿಸುತ್ತಾರೆ.

ಬಡವರಿಗೆ ಶುಭವಾರ್ತೆ, ಸೆರೆಯವರಿಗೆ ಬಿಡುಗಡೆ ಎಂದು ನಜರೇತಿನಲ್ಲಿ ಯೆಶಾಯನ ಗ್ರಂಥ ಓದಿ ಯೇಸು ಆರಂಭಿಸಿದ್ದ ಕೆಲಸವೇ ಅದು. ಆ ದಿನ ಊರವರು, ಇವನು ಜೋಸೆಫನ ಮಗನಲ್ಲವೇ ಎಂದು ಕೇಳಿದ್ದರು. ಬಡಗಿಯ ಮಗ. ಅದನ್ನು ಓದುವಾಗ ಈಗಲೂ ನನ್ನ ಮುಖ ಬಿಸಿಯಾಗುತ್ತದೆ.

ಪೇತ್ರನಿಗೆ ಉತ್ತರ ಕೊಡಲು ಮೂರು ಅವಕಾಶ ಸಿಕ್ಕಿತು. ನಮ್ಮಪ್ಪ ಏನನ್ನೂ ಕೇಳಲೇ ಇಲ್ಲ. ನಾನಾಗಿ ಹೇಳಲೂ ಇಲ್ಲ. ಅವರು ಹೋಗಿ ಒಂಬತ್ತು ವರ್ಷವಾಯಿತು.

ಈ ಸಲ ಈಸ್ಟರ್ ರಾತ್ರಿ ಮನೆಗೆ ನಡೆದು ಬರುವಾಗ ಮಗಳು ಕೇಳಿದಳು, "ಅಮ್ಮಾ, ತಾತ ಏನು ಕೆಲಸ ಮಾಡ್ತಿದ್ರು?" ಕುಲುಮೆಯಿಂದ ಶುರು ಮಾಡಿ ಎಲ್ಲ ಹೇಳಿದೆ. ಹಾಸ್ಟೆಲಿನ ಗೇಟು, ಕೋಡುಬಳೆಯ ಚೀಲ, ನಾನಂದ ಮಾತು ಕೂಡ. ಅವಳು ಸ್ವಲ್ಪ ದೂರ ಸುಮ್ಮನೆ ನಡೆದಳು.

"ತಾತ ಅತ್ತರಾ?"

"ಗೊತ್ತಿಲ್ಲ ಕಣೇ. ಬಸ್ಸಿನಲ್ಲಿ ಒಬ್ಬರೇ ಇದ್ದರು."