ಬ್ಯಾಳಿ ಬೇಯದ ನೀರು

ತೊಗರಿ ನಾಡು ಅಂತ ಹೆಸರು, ಆದ್ರೆ ನಮ್ಮ ಬೋರ್ ನೀರಲ್ಲಿ ತೊಗರಿ ಬೇಳೆನೇ ಬೇಗ ಬೇಯಲ್ಲ! ನಮ್ಮ ಗುಂಡಗುರ್ತಿ ಕಡೆಯವರಿಗೆ ಇದು ಹೊಸದಲ್ಲ ಬಿಡಿ. ಚಿತ್ತಾಪುರ, ಶಹಾಬಾದ್, ಸೇಡಂ... ಎಲ್ಲ ಸುಣ್ಣದಕಲ್ಲಿನ ನೆಲ. ಇಂಗಿದ ಮಳೆನೀರು ಕಲ್ಲಿನ ಕ್ಯಾಲ್ಸಿಯಂ ಕರಗಿಸಿಕೊಳ್ಳುತ್ತೆ. ಅದು ಬೇಳೆಯ ಪೆಕ್ಟಿನ್ ಜೊತೆ ಸೇರಿದ್ರೆ ಬೇಳೆ ಮೆತ್ತಗಾಗಲ್ಲ. ಸಾಬೂನು ನೊರೆ ಬಿಡಲ್ಲ, ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತೆ.

"ಹೊಟ್ಟಿ ಒಳಗೂ ಹಿಂಗೇ ಕಲ್ಲಾಗ್ತದ" ಅಂತ ಅವ್ವನ ಹೆದರಿಕೆ. ಆದರೆ ಗಡಸು ನೀರಿಂದ ಆರೋಗ್ಯ ಕೆಡುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ.

ನನಗೆ ಹೆದರಿಕೆ ಇರೋದು ಫ್ಲೋರೈಡ್‌ದು. ನಮ್ಮ ಕಲಬುರಗಿ ಜಿಲ್ಲೆಯ ಕೆಲವು ಕಡೆ ಅದೂ ಇದೆ. ಬಣ್ಣ, ವಾಸನೆ ಇಲ್ಲ, ಕುದಿಸಿದ್ರೂ ಹೋಗಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಕಲೆಗಟ್ಟಬಹುದು. ಇನ್ನೂ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದ್ರೆ ಕೀಲುಗಳೇ ಬಿಗಿಯುತ್ತವೆ.

ಇನ್ನೊಂದು ವಿಚಿತ್ರ ನೋಡಿ. ಕ್ಯಾಲ್ಸಿಯಂ ಕಡಿಮೆ ಇರೋ ನೀರಲ್ಲೇ ಫ್ಲೋರೈಡ್ ಹೆಚ್ಚು ಕರಗಿರೋದುಂಟು. ಅಂದ್ರೆ, "ಆ ಬೋರಿನ ನೀರಿಗಿ ಬ್ಯಾಳಿ ಛಲೋ ಬೇಯ್ತದ" ಅಂತ ಕೊಡ ಹಿಡಿದು ಹೋಗೋ ನೀರೇ ಕುಡಿಯೋಕೆ ಒಳ್ಳೇದು ಅಂತ ಏನೂ ಇಲ್ಲ. ಬೇಳೆ ಹೇಳೋದು ಗಡಸುತನ ಮಾತ್ರ. ಉಳಿದದ್ದು ಪರೀಕ್ಷೆ ಮಾಡಿಸಿದ್ರೇನೇ ಗೊತ್ತಾಗೋದು.

ನಿಮ್ಮೂರ ಬೋರ್ ನೀರು ಪರೀಕ್ಷೆ ಮಾಡಿಸಿದ್ದೀರಾ?