ಹೈಡ್ ಪಾರ್ಕಿನ ಮಾತಿನ ಮೂಲೆಯಲ್ಲಿ

ಲಂಡನ್ನಿಗೆ ಹೋಗಿ ಬಂದವರನ್ನು ಊರಿನವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ರಾಣಿಯ ಅರಮನೆ ನೋಡಿದಿರಾ? ಬಿಗ್ ಬೆನ್ ಗಡಿಯಾರ ನೋಡಿದಿರಾ? ನಮ್ಮ ಕೊಹಿನೂರ್ ವಜ್ರ ನೋಡಿದಿರಾ? ನೋಡಿದೆ, ನೋಡಿದೆ, ನೋಡಿದೆ ಎಂದು ಮೂರು ಸಲ ತಲೆಯಾಡಿಸಿ, ಎಲ್ಲಕ್ಕಿಂತ ಮುಖ್ಯವಾಗಿ ಒಂದು ಜಗಳ ನೋಡಿ ಬಂದೆ ಎಂದರೆ ಮಾತ್ರ ಅವರ ಹುಬ್ಬು ಮೇಲೇರುತ್ತದೆ. "ಅದಕ್ಕೆ ಅಷ್ಟು ದೂರ ಯಾಕೆ ಹೋಗಬೇಕಿತ್ತು ಮೇಷ್ಟ್ರೇ? ನಮ್ಮ ಬಸ್‌ಸ್ಟ್ಯಾಂಡಿನಲ್ಲೇ ಬೇಕಾದಷ್ಟು ಸಿಗುತ್ತದಲ್ಲ!" ಎಂದು ನಮ್ಮ ಹೋಟೆಲಿನ ಮಾಲೀಕರು ನಕ್ಕರು.

ಅವರು ಹೇಳಿದ್ದು ಸುಳ್ಳಲ್ಲ. ಆದರೆ ಜಗಳಕ್ಕೆಂದೇ ಸರ್ಕಾರ ಜಾಗ ಬಿಟ್ಟುಕೊಟ್ಟು, ಪ್ರತಿ ಭಾನುವಾರ ಜನ ಮನೆಯಿಂದ ಏಣಿ ಹೊತ್ತು ತಂದು, ಗುರುತು ಪರಿಚಯವಿಲ್ಲದವರೊಡನೆ ರಾಜಕೀಯದ ಮೇಲೆ ವಾದ ಮಾಡಿ, ಸಂಜೆ ಏಣಿ ಮಡಚಿಕೊಂಡು ಹೋಗುವ ಜಾಗ ನಮ್ಮಲ್ಲಿಲ್ಲ. ಲಂಡನ್ನಿನಲ್ಲಿದೆ. ಹೈಡ್ ಪಾರ್ಕಿನ ಈಶಾನ್ಯ ಮೂಲೆಯಲ್ಲಿರುವ ಅದರ ಹೆಸರು ಸ್ಪೀಕರ್ಸ್ ಕಾರ್ನರ್. ಕನ್ನಡದಲ್ಲಿ 'ಮಾತಿನ ಮೂಲೆ' ಎನ್ನೋಣ.

ನಾನು ಅಲ್ಲಿಗೆ ಹೋದದ್ದು 2024ರ ಮೇ 26ರ ಭಾನುವಾರ. ದಿನಾಂಕವನ್ನು ಬೇಕೆಂದೇ ಹೇಳುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಲೋಕಸಭೆಗೆ ಮತದಾನ ಮೇ 7ರಂದು ಮುಗಿದಿತ್ತು. ಚುನಾವಣಾ ಕರ್ತವ್ಯ ಮುಗಿಸಿಯೇ ನಾನು ಮಗಳ ಮನೆಗೆ ವಿಮಾನ ಹತ್ತಿದ್ದೆ. ನಮ್ಮ ಮತಗಳೆಲ್ಲ ಇನ್ನೂ ಯಂತ್ರದೊಳಗೆ ಬೀಗಮುದ್ರೆಯಲ್ಲಿದ್ದವು. ಅತ್ತ ಬ್ರಿಟನ್ನಿನ ಪ್ರಧಾನಿಯಾಗಿದ್ದ ರಿಷಿ ಸುನಕ್ ಅವರು ಅದೇ ಮೇ 22ರಂದು, ಸುರಿಯುವ ಮಳೆಯಲ್ಲಿ ಕೊಡೆಯಿಲ್ಲದೆ ನಿಂತು, ಜುಲೈ 4ಕ್ಕೆ ಚುನಾವಣೆ ಎಂದು ಘೋಷಿಸಿದ್ದರು. ಒಂದು ಚುನಾವಣೆಯ ಬಿಸಿಯಿಂದ ಪಾರಾಗಿ ಹೋದವನು ಇನ್ನೊಂದರ ಒಲೆಯ ಪಕ್ಕದಲ್ಲೇ ಕುಳಿತಂತಾಗಿತ್ತು.

ಗಲ್ಲುಮರದಿಂದ ಏಣಿಯವರೆಗೆ

ಭೂಗತ ರೈಲಿನಲ್ಲಿ ಮಾರ್ಬಲ್ ಆರ್ಚ್ ನಿಲ್ದಾಣದಲ್ಲಿಳಿದು ಮೆಟ್ಟಿಲೇರಿದರೆ ಎದುರಿಗೇ ಬಿಳಿ ಅಮೃತಶಿಲೆಯ ದೊಡ್ಡ ಕಮಾನು. ಮೊದಲು ಬಕಿಂಗ್‌ಹ್ಯಾಮ್ ಅರಮನೆಯ ಮುಂದಿದ್ದ ಇದನ್ನು 1851ರಲ್ಲಿ ಬಿಚ್ಚಿ ತಂದು ಇಲ್ಲಿ ಕೂಡಿಸಿದರು. ಅಲ್ಲೇ ಹತ್ತಿರ, ರಸ್ತೆಗಳ ನಡುವಿನ ಒಂದು ಪುಟ್ಟ ದ್ವೀಪದಲ್ಲಿ ನೆಲಕ್ಕೆ ಕೂಡಿಸಿದ ದುಂಡನೆಯ ಫಲಕವೊಂದಿದೆ. ಟೈಬರ್ನ್ ಗಲ್ಲುಮರ ನಿಂತಿದ್ದ ಜಾಗ ಅದು. ಸುಮಾರು ಆರು ಶತಮಾನಗಳ ಕಾಲ ಲಂಡನ್ನಿನ ಅಪರಾಧಿಗಳನ್ನು ಬಹಿರಂಗವಾಗಿ ಗಲ್ಲಿಗೇರಿಸುತ್ತಿದ್ದುದು ಇಲ್ಲಿ. ಕೊನೆಯ ಗಲ್ಲು 1783ರಲ್ಲಿ. ನೇಣು ಬೀಳುವ ಮುನ್ನ ಅಪರಾಧಿಗೆ ನೆರೆದ ಜನರನ್ನುದ್ದೇಶಿಸಿ ನಾಲ್ಕು ಮಾತಾಡಲು ಅವಕಾಶವಿತ್ತು. ಕೆಲವರು ತಪ್ಪೊಪ್ಪಿಕೊಂಡರೆ, ಕೆಲವರು ಸರ್ಕಾರವನ್ನೇ ಬೈದು ಹೋಗುತ್ತಿದ್ದರು. ಮಾತಿನ ಮೂಲೆಯ ಮೊದಲ ಭಾಷಣಕಾರರು ಇವರೇ ಎಂದು ಹೇಳುವವರಿದ್ದಾರೆ. ಅದು ಕಥೆಯೇ ಇರಬಹುದು. ಆದರೂ ಮಾತಿಗೆ ತೆರಬೇಕಾಗಿದ್ದ ಬೆಲೆ ನೆನಪಾಗಿ ಮೈ ಜುಮ್ಮೆಂದಿತು.

ಲಿಖಿತ ಇತಿಹಾಸ ಶುರುವಾಗುವುದು ಹತ್ತೊಂಬತ್ತನೆಯ ಶತಮಾನದಲ್ಲಿ. ಭಾನುವಾರದ ವ್ಯಾಪಾರವನ್ನು ನಿಲ್ಲಿಸುವ ಮಸೂದೆಯೊಂದು 1855ರಲ್ಲಿ ಬಂದಾಗ, ವಾರಕ್ಕೊಂದೇ ರಜೆಯಿದ್ದ ಕೂಲಿಕಾರರು ಈ ಪಾರ್ಕಿನಲ್ಲಿ ಗುಂಪುಗೂಡಿ ಪ್ರತಿಭಟಿಸಿದರು. ಆ ಗದ್ದಲವನ್ನು ನೋಡಿ ಪತ್ರಿಕೆಗೆ ವರದಿ ಬರೆದವರಲ್ಲಿ ಕಾರ್ಲ್ ಮಾರ್ಕ್ಸ್ ಒಬ್ಬರು. ಮುಂದೆ 1866ರ ಜುಲೈಯಲ್ಲಿ, ದುಡಿಯುವವರಿಗೂ ಮತದ ಹಕ್ಕು ಬೇಕೆಂದು ರಿಫಾರ್ಮ್ ಲೀಗ್ ಎಂಬ ಸಂಘಟನೆ ಇಲ್ಲಿ ಸಭೆ ಕರೆಯಿತು. ಸರ್ಕಾರ ಪಾರ್ಕಿನ ಬಾಗಿಲಿಗೆ ಬೀಗ ಹಾಕಿತು. ಜನ ಕಬ್ಬಿಣದ ಬೇಲಿಯನ್ನೇ ಅಲ್ಲಾಡಿಸಿ ಕಿತ್ತು ಒಳನುಗ್ಗಿದರು. ಮರುವರ್ಷ ನಿಷೇಧವನ್ನು ಮೀರಿ ಮತ್ತೆ ಸಭೆ ನಡೆದಾಗ ಗೃಹಮಂತ್ರಿ ಸ್ಪೆನ್ಸರ್ ವಾಲ್‌ಪೋಲ್ ರಾಜೀನಾಮೆ ಕೊಡಬೇಕಾಯಿತು. ಅದೇ 1867ರಲ್ಲಿ ಪಟ್ಟಣದ ಬಹಳಷ್ಟು ಕಾರ್ಮಿಕರಿಗೆ ಮತದ ಹಕ್ಕು ಬಂತು. ಉದ್ಯಾನದಲ್ಲಿ ಬಹಿರಂಗ ಸಭೆಗಳಿಗೆ ಕಾನೂನಿನ ಒಪ್ಪಿಗೆ ದೊರೆಯುವ ದಾರಿ ತೆರೆದದ್ದು 1872ರ ಉದ್ಯಾನ ನಿಯಂತ್ರಣ ಕಾಯಿದೆಯಿಂದ. 1908ರ ಜೂನ್ 21ರಂದು ಮಹಿಳೆಯರ ಮತದ ಹಕ್ಕಿಗಾಗಿ ಲಕ್ಷಾಂತರ ಜನ ಸೇರಿದ್ದೂ ಇದೇ ಪಾರ್ಕಿನಲ್ಲಿ.

ಇಲ್ಲಿ ಏನು ಮಾತಾಡಿದರೂ ಪೊಲೀಸರು ಮುಟ್ಟುವಂತಿಲ್ಲ ಎಂಬುದು ಪ್ರವಾಸಿಗಳ ತಪ್ಪು ಕಲ್ಪನೆ. ದೇಶದ ಕಾನೂನು ಈ ಮೂಲೆಗೂ ಅನ್ವಯಿಸುತ್ತದೆ. ಆದರೆ 1999ರಲ್ಲಿ ಬೇರೊಂದು ಊರಿನ ಬೀದಿಪ್ರವಚನದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಸೆಡ್ಲಿ ಅವರು, ಯಾರಿಗೂ ನೋವಾಗದಂತೆ ಮಾತ್ರ ಆಡಬಹುದಾದ ಸ್ವಾತಂತ್ರ್ಯಕ್ಕೆ ಬೆಲೆಯಿಲ್ಲ ಎಂಬ ಅರ್ಥದ ತೀರ್ಪು ಕೊಟ್ಟರು. ಆಗ ಅವರು ಉದಾಹರಿಸಿದ್ದು ಈ ಮೂಲೆಯನ್ನೇ. ಹಾಗೆಂದು ಎಲ್ಲವೂ ಸೌಹಾರ್ದವೆಂದಲ್ಲ. 2021ರ ಜುಲೈಯಲ್ಲಿ ಇಲ್ಲಿಯೇ ಧರ್ಮಪ್ರಚಾರಕಿಯೊಬ್ಬರಿಗೆ ಚೂರಿಯೇಟು ಬಿತ್ತು. ಮಾತು ಎಲ್ಲಿ ಮುಗಿದು ಕತ್ತಿ ಎಲ್ಲಿ ಶುರುವಾಗುತ್ತದೆ ಎಂಬುದು ಟೈಬರ್ನ್ ಕಾಲದಷ್ಟೇ ಹತ್ತಿರದ ಪ್ರಶ್ನೆ.

ಧ್ವನಿವರ್ಧಕವಿಲ್ಲದ ಸಭೆ

ಮೋಡ ಮುಸುಕಿದ ಮಧ್ಯಾಹ್ನ. ಏಳೆಂಟು ಗುಂಪುಗಳು. ಒಬ್ಬ ಮಡಚುವ ಏಣಿಯ ಮೇಲೆ, ಇನ್ನೊಬ್ಬ ಹಾಲಿನ ಕ್ರೇಟಿನ ಮೇಲೆ, ಮತ್ತೊಬ್ಬ ಬರಿಯ ನೆಲದ ಮೇಲೆ. ಅರ್ಧದಷ್ಟು ಗುಂಪುಗಳಲ್ಲಿ ಧರ್ಮದ ವಾದ: ಬೈಬಲ್ಲೋ ಕುರಾನೋ ಎಂದು. ಒಂದೆಡೆ ಗಾಜಾ ಯುದ್ಧ. ಇನ್ನೊಂದೆಡೆ ಲೇಬರ್ ಪಕ್ಷವೋ ಕನ್ಸರ್ವೇಟಿವ್ ಪಕ್ಷವೋ ಎಂಬ ತಕರಾರು. ಎಲ್ಲರ ಸುತ್ತ ಮೊಬೈಲು ಹಿಡಿದು ಚಿತ್ರೀಕರಿಸುವ ಹುಡುಗರು.

ಇಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಿಜ್ಞಾನದ ಮೇಷ್ಟರಿಗೆ ಈ ನಿಯಮ ತುಂಬ ಹಿಡಿಸಿತು. ಬಯಲಿನಲ್ಲಿ ಶಬ್ದದ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ ಎಂದು ನಾವು ಪಾಠ ಮಾಡುತ್ತೇವೆ. ದೂರ ಎರಡರಷ್ಟಾದರೆ ತೀವ್ರತೆ ಕಾಲು ಭಾಗ, ಮೂರರಷ್ಟಾದರೆ ಒಂಬತ್ತನೆಯ ಒಂದು ಭಾಗ. ಹಾಗಾಗಿ ಇಲ್ಲಿ ಕೇಳಬೇಕೆನ್ನುವವನು ಹತ್ತಿರ ಬರಲೇಬೇಕು. ಹತ್ತಿರ ಬಂದರೆ ಭಾಷಣಕಾರನ ಕಣ್ಣು, ಬೆವರು, ಸವೆದ ಬೂಟು ಎಲ್ಲ ಕಾಣುತ್ತವೆ. ನಡುವೆ ಬಾಯಿ ಹಾಕಿದರೆ ಅವನಿಗೆ ಕೇಳಿಸಿಯೇ ಕೇಳಿಸುತ್ತದೆ. ನಡುವೆ ಬಾಯಿ ಹಾಕುವುದೇ ಇಲ್ಲಿ ಒಂದು ಕಲೆ. ಅದಕ್ಕೆಂದೇ ವಾರವಾರ ಬರುವವರಿದ್ದಾರಂತೆ. ಡೊನಾಲ್ಡ್ ಸೋಪರ್ ಎಂಬ ಮೆಥಡಿಸ್ಟ್ ಪಾದ್ರಿಯವರು 1998ರಲ್ಲಿ ತೀರಿಕೊಳ್ಳುವವರೆಗೆ, ತೊಂಬತ್ತು ದಾಟಿದ ಮೇಲೂ, ಇಲ್ಲಿ ಬಂದು ಅಂಥ ಅಡ್ಡಬಾಯಿಯವರಿಗೆ ಉತ್ತರ ಕೊಡುತ್ತಿದ್ದರು.

ನಾನು ನಿಂತದ್ದು ಎಪ್ಪತ್ತರ ಆಸುಪಾಸಿನ ಮುದುಕರೊಬ್ಬರ ಏಣಿಯ ಬಳಿ. ಟೋಪಿ, ಕೈಯಲ್ಲೊಂದು ಮುದುರಿದ ಕಾಗದ. ಅವರ ವಿಷಯ ಬ್ರೆಕ್ಸಿಟ್. 2016ರ ಜೂನ್ 23ರ ಜನಮತಗಣನೆಯಲ್ಲಿ ಶೇಕಡಾ 51.9 ಮಂದಿ ಐರೋಪ್ಯ ಒಕ್ಕೂಟ ಬಿಡೋಣ ಎಂದಿದ್ದರು, 48.1 ಮಂದಿ ಬೇಡ ಎಂದಿದ್ದರು. ಎಂಟು ವರ್ಷ ಕಳೆದರೂ ಆ ಬಿರುಕು ಕೂಡಿಲ್ಲವೆಂಬುದು ಸುತ್ತಲಿನ ಕೂಗಾಟದಿಂದಲೇ ತಿಳಿಯುತ್ತಿತ್ತು. ಮುದುಕರು 'ಬಿಡೋಣ' ಎಂದವರ ಪರ. ಗಡಿಯ ಮಾತು ಬಂತು, ವಲಸಿಗರ ಮಾತು ಬಂತು. ನನ್ನ ಮಗಳು ಇದೇ ಊರಿನಲ್ಲಿ ದುಡಿಯುವವಳು. ನನಗೆ ತಡೆಯಲಿಲ್ಲ. ಕೈ ಎತ್ತಿ, ನನ್ನ ಮೇಷ್ಟ್ರ ಇಂಗ್ಲಿಷಿನಲ್ಲಿ, "ಹೊರಗಿನವರನ್ನೆಲ್ಲ ಓಡಿಸಿಬಿಟ್ಟರೆ ನಿಮ್ಮ ಆಸ್ಪತ್ರೆಗಳನ್ನು ಯಾರು ನಡೆಸುತ್ತಾರೆ?" ಎಂದು ಕೇಳಿಯೇಬಿಟ್ಟೆ.

ಅವರು ಸಿಟ್ಟಾಗಲಿಲ್ಲ. ಏಣಿಯಿಂದ ಬಗ್ಗಿ, "ನಾನು ಈಗ ತಾನೇ ಏನು ಹೇಳಿದೆ, ಒಮ್ಮೆ ಹೇಳಿ ಸ್ವಾಮಿ" ಎಂದರು.

"ವಲಸಿಗರನ್ನು ಓಡಿಸಬೇಕು ಎಂದಿರಿ."

ಗುಂಪು ನಕ್ಕಿತು. ಅವರ ವಿರೋಧಿಯೇ ಆಗಿದ್ದ, ಅದುವರೆಗೆ ಅವರನ್ನು ಹಂಗಿಸುತ್ತಿದ್ದ ಹೆಂಗಸೊಬ್ಬಳು, "ಇಲ್ಲ, ಅವರು ಹಾಗೆ ಹೇಳಲಿಲ್ಲ" ಎಂದಳು. ಮುದುಕರು ಮತ್ತೆ ವಿವರಿಸಿದರು. ಯಾರು ಬರಬೇಕು, ಎಷ್ಟು ಜನ ಬರಬೇಕು ಎಂಬುದನ್ನು ತಾನು ಮತ ಹಾಕಿ ಕಳಿಸಿದ, ಬೇಡವಾದರೆ ಇಳಿಸಬಹುದಾದ ಸಂಸತ್ತೇ ತೀರ್ಮಾನಿಸಬೇಕು. ಅದು ಹೆಚ್ಚು ಜನರನ್ನು ಕರೆದರೂ ಸರಿ, ಕಡಿಮೆ ಕರೆದರೂ ಸರಿ, ಎಂಬುದು ಅವರ ವಾದ. "ನನ್ನ ಹೆಂಡತಿಯ ಮಂಡಿ ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರು ನಿಮ್ಮ ದೇಶದವರೇ. ಈಗ ನಾನು ಹೇಳಿದ್ದಕ್ಕೆ ಉತ್ತರ ಕೊಡಿ" ಎಂದರು.

ಉತ್ತರ ಕೊಟ್ಟೆ. ಒಕ್ಕೂಟದೊಳಗಿದ್ದಾಗಲೂ ನಮ್ಮಂಥ ದೂರದೇಶದವರ ವೀಸಾವನ್ನು ತೀರ್ಮಾನಿಸುತ್ತಿದ್ದುದು ನಿಮ್ಮ ಸರ್ಕಾರವೇ ಅಲ್ಲವೇ ಎಂದೆ. ಅವರು ಯುರೋಪಿನವರ ಮಾತೆತ್ತಿದರು. ಹತ್ತು ನಿಮಿಷ ವಾದವಾಯಿತು. ಅವರು ನನ್ನ ಮಾತನ್ನು ಒಪ್ಪಲಿಲ್ಲ. ನಾನೂ ಅವರದನ್ನು ಒಪ್ಪಲಿಲ್ಲ. ಅವರು ಟೋಪಿ ಎತ್ತಿ ವಂದಿಸಿ ಮುಂದಿನ ಪ್ರಶ್ನೆಗೆ ತಿರುಗಿದರು.

ಕೇಳದ ಪ್ರಶ್ನೆಗೆ ಉತ್ತರ

ಗುಂಪಿನಿಂದ ಹೊರಬಂದು ಒಂದು ಬೆಂಚಿನ ಮೇಲೆ ಕುಳಿತೆ. ಮುಖ ಬಿಸಿಯಾಗಿತ್ತು. 'ಪ್ರಶ್ನೆಯನ್ನು ಎರಡು ಸಲ ಓದಿ. ಕೇಳದ ಪ್ರಶ್ನೆಗೆ ಉತ್ತರ ಬರೆದರೆ ಸೊನ್ನೆ' ಎಂದು ಮೂವತ್ತು ವರ್ಷಗಳಿಂದ ಮಕ್ಕಳಿಗೆ ಹೇಳುತ್ತಾ ಬಂದವನು ನಾನು. ಲಂಡನ್ನಿನ ಬಯಲಿನಲ್ಲಿ ನನಗೇ ಸೊನ್ನೆ ಸಿಕ್ಕಿತ್ತು.

ಅಲ್ಲಿ ಕುಳಿತಾಗ ನೆನಪಾದದ್ದು ನಮ್ಮ ಶಾಲೆಯ ಕನ್ನಡ ಮೇಷ್ಟ್ರು. ಒಂದು ಕಾಲಕ್ಕೆ ನಾವಿಬ್ಬರೂ ಸೇರಿ ಮಕ್ಕಳಿಂದ ಗೋಡೆಪತ್ರಿಕೆ ತರುತ್ತಿದ್ದೆವು. ವಿಜ್ಞಾನ ನನ್ನದು, ಕನ್ನಡ ಅವರದು. ನನ್ನ ಕಗ್ಗ ಶಬ್ದಗಳನ್ನು ಹೊಡೆದುಹಾಕಿ ಹಳ್ಳಿಯ ಹುಡುಗನಿಗೂ ತಿಳಿಯುವ ಶಬ್ದ ಹುಡುಕಿ ಕೊಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. 2019ರ ಲೋಕಸಭಾ ಚುನಾವಣೆಯ ಸಮಯದಲ್ಲಿ, ಹೋಟೆಲಿನ ಕಟ್ಟೆಯ ಮೇಲೆ ಹತ್ತು ಜನರೆದುರು ನಮಗೆ ಮಾತಿಗೆ ಮಾತು ಬೆಳೆಯಿತು. ಯಾವ ಪಕ್ಷ, ಯಾವ ನಾಯಕ ಎಂಬುದು ಇಲ್ಲಿ ಬೇಡ. ಅಂದಿನಿಂದ ಮಾತು ಬಿಟ್ಟೆವು. ಗೋಡೆಪತ್ರಿಕೆ ನಿಂತಿತು. 2021ರಲ್ಲಿ ಅವರ ತಾಯಿ ತೀರಿಕೊಂಡಾಗ ಎಲ್ಲರೊಡನೆ ಹೋಗಿ ಅಂಗಳದಲ್ಲಿ ನಿಂತು ಬಂದೆ. ಒಂದು ಮಾತೂ ಆಡಲಿಲ್ಲ. ಎಷ್ಟೋ ವರ್ಷ ಆ ತಾಯಿಯ ಕೈಯ ಮಜ್ಜಿಗೆ ಕುಡಿದವನು ನಾನು.

ಹೈಡ್ ಪಾರ್ಕಿನ ಬೆಂಚಿನ ಮೇಲೆ ಆ ದಿನದ ಜಗಳವನ್ನು ನೆನಪಿಸಿಕೊಳ್ಳಲು ನೋಡಿದೆ. ನಾನು ಆಡಿದ ಒಂದೊಂದು ಮಾತೂ ಅಕ್ಷರ ತಪ್ಪದೆ ನೆನಪಿತ್ತು. ಅವರು ಏನು ಹೇಳಿದ್ದರು ಎಂಬುದು ಮಾತ್ರ ಎಷ್ಟು ತಿಣುಕಿದರೂ ಬರಲಿಲ್ಲ.

ಹಿಂದಿನ ದಿನವಷ್ಟೇ ಮಗಳು ಥೇಮ್ಸ್ ನದಿಯ ದಂಡೆಯಲ್ಲಿ, ಪಾರ್ಲಿಮೆಂಟಿನ ಆಚೆ ದಡದಲ್ಲಿರುವ ಬಸವಣ್ಣನವರ ಪ್ರತಿಮೆಗೆ ಕರೆದುಕೊಂಡು ಹೋಗಿದ್ದಳು. ಲ್ಯಾಂಬೆತ್‌ನ ಮೇಯರ್ ಆಗಿದ್ದ ನಮ್ಮ ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ ಅವರ ಪ್ರಯತ್ನದಿಂದ ಸ್ಥಾಪನೆಯಾಗಿ, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರಿಂದ ಅನಾವರಣಗೊಂಡದ್ದು ಅದು. ಅನುಭವ ಮಂಟಪದ ನೆಲದವರು ನಾವು ಎಂದು ಅಲ್ಲಿ ಎದೆಯುಬ್ಬಿಸಿ ಫೋಟೋ ತೆಗೆಸಿಕೊಂಡಿದ್ದೆ. ಮಂಟಪದಲ್ಲಿ ಕೂರಲು ಬೇಕಾದ ಮೊದಲ ಅರ್ಹತೆ ಕಿವಿ ಎಂಬುದು ಹೊಳೆದದ್ದು ಮರುದಿನ.

ಇನ್ನೊಂದು ಚಿತ್ರವೂ ಕಣ್ಣೆದುರು ಬಂತು. ಮೇ 7ರಂದು ನನ್ನ ಮತಗಟ್ಟೆಯಲ್ಲಿ ಎದುರಾಳಿ ಪಕ್ಷಗಳ ಏಜೆಂಟರು ಬೆಳಗಿನಿಂದ ಸಂಜೆಯವರೆಗೆ ಒಂದೇ ಬೆಂಚಿನ ಮೇಲೆ ಕುಳಿತಿದ್ದರು. ಒಬ್ಬನ ಮನೆಯಿಂದ ಬಂದ ಉಪ್ಪಿಟ್ಟನ್ನು ಇಬ್ಬರೂ ತಿಂದರು. ಕೆಲಸ ಬಿಟ್ಟು ಪಕ್ಷಕ್ಕೆ ದುಡಿಯುವವರಿಗೆ ಸಾಧ್ಯವಾದದ್ದು, ಬರಿಯ ಮಾತಾಡುವ ನಮಗೆ ಆಗಿರಲಿಲ್ಲ.

ಸೋಮವಾರ ಹೊರಟು ಊರು ಸೇರಿದೆ. ಶಾಲೆ ಆರಂಭವಾದ ದಿನ, ಬೇರೆಯವರೆಲ್ಲ ದಾಖಲಾತಿಯ ಗಡಿಬಿಡಿಯಲ್ಲಿದ್ದಾಗ, ಶಿಕ್ಷಕರ ಕೊಠಡಿಯಲ್ಲಿ ಕನ್ನಡ ಮೇಷ್ಟ್ರ ಮೇಜಿನ ಮುಂದೆ ನಿಂತು ಕೇಳಿದೆ: "ಸಾರ್, ಅವತ್ತು ಕಟ್ಟೆ ಮೇಲೆ ನೀವು ಏನು ಹೇಳಿದ್ರಿ? ನಿಜವಾಗಿಯೂ ನನಗೆ ನೆನಪಿಲ್ಲ."

ಅವರು ಕನ್ನಡಕದ ಮೇಲಿನಿಂದ ಬಹಳ ಹೊತ್ತು ನೋಡಿದರು. "ನೆನಪಿಲ್ವೆ? ಹಾಗಾದ್ರೆ ಐದು ವರ್ಷ ಯಾತಕ್ಕೆ ಸಿಟ್ಟು ಮಾಡ್ಕೊಂಡಿದ್ರಿ ಮೇಷ್ಟ್ರೇ?" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತೆ. ಅವರು ಹೇಳಿದರು, ನಾನು ಗಂಟೆ ಬಾರಿಸುವವರೆಗೆ ನಡುವೆ ಬಾಯಿ ಹಾಕದೆ ಕೇಳಿದೆ. ಅವರು ಹೇಳಿದ್ದನ್ನು ನಾನು ಈಗಲೂ ಒಪ್ಪಿಲ್ಲ. ಆದರೆ ಏನನ್ನು ಒಪ್ಪಿಲ್ಲ ಎಂಬುದು ಈಗ ನನಗೆ ಗೊತ್ತಿದೆ. ಜೂನ್ 4ರಂದು ಫಲಿತಾಂಶ ಬಂತು. ನಮ್ಮಿಬ್ಬರ ಲೆಕ್ಕಾಚಾರವೂ ಒಂದಿಷ್ಟು ತಪ್ಪಿತ್ತು. ಗೋಡೆಪತ್ರಿಕೆಯ ಮೊದಲ ಸಂಚಿಕೆಗೆ ಶಬ್ದದ ಪ್ರಸಾರದ ಮೇಲೆ ಒಂದು ಪುಟ ಬರೆದು ಅವರ ಮೇಜಿನ ಮೇಲಿಟ್ಟೆ. ಮರುದಿನ ಅರ್ಧಕ್ಕರ್ಧ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಬಂತು.